ಆಪರೇಶನ್ ಭಯ ಮತ್ತು ಕೀರ್ತನೆ 56

ಪ್ರಶ್ನೆ: ಮುಂದಿನ ವಾರ ಆಪರೇಶನ್. ಎಷ್ಟು ಪ್ರಾರ್ಥಿಸಿದರೂ ರಾತ್ರಿ ಎದೆ ಢವಢವ ಅನ್ನುತ್ತದೆ. ನನ್ನ ವಿಶ್ವಾಸ ಕಡಿಮೆಯೇ?
– ಓದುಗಿ, ಭಾಂಡುಪ್, ಮುಂಬೈ

ಉತ್ತರ: ಖಂಡಿತ ಅಲ್ಲಮ್ಮ. ಬೈಬಲಿನ ಕೀರ್ತನೆ 56ರ 3ನೇ ವಚನದಲ್ಲಿ ಅದನ್ನು ಹಾಡಿದ ದಾವೀದನಿಗೂ ಹೆದರಿಕೆ ಇದೆ. ಹೆದರಿದಾಗಲೇ ದೇವರನ್ನು ನಂಬುತ್ತಾನೆ. ‘ಹೆದರೆನು’ ಅನ್ನುವುದು ಆಮೇಲೆ, 4ರಲ್ಲಿ. 3ನೆಯದನ್ನು ಚೀಟಿಯಲ್ಲಿ ಬರೆದು ದಿಂಬಿನಡಿ ಇಡಿ. ಉಸಿರೆಳೆಯುವಾಗ ಅರ್ಧ, ಬಿಡುವಾಗ ಅರ್ಧ, ಸಾವಕಾಶ ಹತ್ತು ಸಲ ಹೇಳಿ.

ಹಲವರು ಎಡವುವುದು ಇಲ್ಲೇ: ಪ್ರಾರ್ಥನೆಯಲ್ಲಿ ಕಾಯಿಲೆಯನ್ನೇ ತಿರುತಿರುಗಿ ಎಣಿಸಿದರೆ ಭಯ ಬಲಿಯುತ್ತದೆ. ಒಮ್ಮೆ ಒಪ್ಪಿಸಿ, ಸ್ತೋತ್ರಕ್ಕೆ ಹೊರಳಿ. ಡಾಕ್ಟರು ಹೇಳದೆ ಊಟ ಬಿಡಬೇಡಿ. ಸೋತು ಮಲಗಿದ ಪ್ರವಾದಿ ಎಲೀಯನಿಗೆ ದೇವದೂತ ಮೊದಲು ಕೊಟ್ಟದ್ದು ರೊಟ್ಟಿ, ನೀರು. ಡಾಕ್ಟರಿಗೆ ಕೇಳಬೇಕಾದ್ದನ್ನು ಅದೇ ಚೀಟಿಯ ಹಿಂದೆ ಬರೆಯಿರಿ. ಆಪರೇಶನ್ ದಿನ ಬೆಳಿಗ್ಗೆ ಲೋಕಲ್ ಟ್ರೇನಿನ ಗಡಿಬಿಡಿ ಬೇಡ, ಚರ್ಚ್ ಸಭೆಯ ಒಬ್ಬರನ್ನು ಹಿಂದಿನ ರಾತ್ರಿಯೇ ಮನೆಗೆ ಕರೆಸಿಕೊಳ್ಳಿ.