ಕೂಸನ್ನು ಯಾರ ಕೈಗೆ ಒಪ್ಪಿಸುವುದು?
ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾವು ಕಾರವಾರದ ಕಾಜುಬಾಗದಲ್ಲಿದ್ದೇವೆ. ನನ್ನ 26 ವಾರಗಳ ಹೆರಿಗೆ ರಜೆ ಮುಂದಿನ ತಿಂಗಳು ಮುಗಿಯುತ್ತದೆ. ಆಗ ಮಗಳಿಗೆ ಐದೂವರೆ ತಿಂಗಳು. ಅತ್ತೆಯವರಿಗೆ ಮಂಡಿನೋವು, ತವರು ದೂರದ ಯಲ್ಲಾಪುರದಲ್ಲಿ. ಎರಡು ಶಿಶುಪಾಲನಾ ಕೇಂದ್ರಗಳನ್ನು ನೋಡಿ ಬಂದಿದ್ದೇವೆ. ಒಂದರಲ್ಲಿ ಗೋಡೆ ತುಂಬ ಚಿತ್ರ, ಎ.ಸಿ., ಮೊಬೈಲಿನಲ್ಲೇ ನೋಡಬಹುದಾದ ಕ್ಯಾಮೆರಾ ಎಲ್ಲವೂ ಇವೆ. ಇನ್ನೊಂದು ಹಳೆಯ ಹೆಂಚಿನ ಮನೆ; ಅಲ್ಲಿ ನಡುವಯಸ್ಸಿನ ಒಬ್ಬ ಮಹಿಳೆ ಮತ್ತು ಒಬ್ಬ ಸಹಾಯಕಿ ಆರು ಮಕ್ಕಳನ್ನು ನೋಡಿಕೊಳ್ಳುತ್ತಾರೆ. ಯಾವುದನ್ನು ಆರಿಸಲಿ? (ಹೆಸರು ಬೇಡ, ಕಾರವಾರ)

ಉತ್ತರ: ಮೊದಲು ತಲೆ ಎಣಿಸಿ. ಒಂದು ವರ್ಷದೊಳಗಿನ ಕೂಸುಗಳಾದರೆ ಒಬ್ಬರ ಕೈಗೆ ಮೂರು, ಹೆಚ್ಚೆಂದರೆ ನಾಲ್ಕು. ಅದಕ್ಕಿಂತ ಹೆಚ್ಚಾದರೆ ಎಷ್ಟೇ ಪ್ರೀತಿಯ ಹೆಂಗಸಾದರೂ ಅತ್ತ ಮಗುವನ್ನೆಲ್ಲ ಎತ್ತಿಕೊಳ್ಳುವುದು ಅವಳಿಂದ ಆಗುವ ಮಾತಲ್ಲ. ಕೇಂದ್ರದವರು ಹೇಳುವ ಲೆಕ್ಕ ಬೆಳಗಿನ ಹತ್ತು ಗಂಟೆಯದು. ನೀವು ಕೇಳಬೇಕಾದದ್ದು ಮಧ್ಯಾಹ್ನ ಒಂದು ಗಂಟೆಯ ಲೆಕ್ಕ: ಒಬ್ಬ ಆಯಾ ಊಟಕ್ಕೆ ಕುಳಿತು, ಇನ್ನೊಬ್ಬಳು ಪಾತ್ರೆ ತೊಳೆಯುತ್ತಿರುವಾಗ ತೊಟ್ಟಿಲುಗಳ ಬಳಿ ಯಾರಿರುತ್ತಾರೆ? ಸಾಧ್ಯವಾದರೆ ಮುಂಚಿತವಾಗಿ ತಿಳಿಸದೆ ಆ ಹೊತ್ತಿಗೇ ಹೋಗಿ ನೋಡಿ. ಬಾಗಿಲಲ್ಲೇ ನಿಲ್ಲಿಸಿ, ಸಮಯ ಗೊತ್ತುಪಡಿಸಿಕೊಂಡು ಬನ್ನಿ ಎನ್ನುವ ಜಾಗದ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ.

ಹಿಂದೊಮ್ಮೆ ಇಂಥದೇ ಹೊತ್ತಿನಲ್ಲಿ ಒಂದು ಕೇಂದ್ರದೊಳಗೆ ಕಾಲಿಟ್ಟಿದ್ದೆ. ಸಾಲಾಗಿ ತೊಟ್ಟಿಲುಗಳು, ನೆಲ ಕನ್ನಡಿಯಂತೆ ಹೊಳೆಯುತ್ತಿತ್ತು. ಮೂಲೆಯ ತೊಟ್ಟಿಲಿನಲ್ಲಿ ನಾಲ್ಕು ತಿಂಗಳಿನದಿರಬಹುದಾದ ಒಂದು ಕೂಸಿನ ಬಾಯಿಗೆ ಹಾಲಿನ ಬಾಟಲಿಯನ್ನಿಟ್ಟು, ಅದು ಬೀಳದಂತೆ ಮಡಿಸಿದ ಟವೆಲ್ಲನ್ನು ಆಸರೆ ಕೊಟ್ಟಿದ್ದರು. ಹಾಲು ಬಾಯಿಯ ಅಂಚಿನಿಂದ ಕಿವಿಯ ಹಿಂದಕ್ಕೆ ಇಳಿಯುತ್ತಿತ್ತು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಹಾಗೆ ಕುಡಿಸಿದರೆ ಹಾಲು ನೆತ್ತಿಗೇರಿ ಉಸಿರು ಕಟ್ಟಬಹುದು, ಕಿವಿಯ ಸೋಂಕಿಗೂ ದಾರಿಯಾಗುತ್ತದೆ. ಅಲ್ಲಿಯ ಕ್ಯಾಮೆರಾ ಸರಿಯಾಗಿಯೇ ಕೆಲಸ ಮಾಡುತ್ತಿತ್ತು ಎಂಬುದನ್ನೂ ಹೇಳಬೇಕು.

ಮಲಗಿಸುವ ಬಗೆಯನ್ನು ಗಮನಿಸಿ. ಕೂಸನ್ನು ಅಂಗಾತ, ಗಟ್ಟಿಯಾದ ಸಮತಟ್ಟು ಹಾಸಿಗೆಯ ಮೇಲೆ, ದಿಂಬು ಮತ್ತು ದಪ್ಪ ಹೊದಿಕೆಗಳಿಲ್ಲದೆ ಮಲಗಿಸಬೇಕು. ತಲೆ ಗುಂಡಗಾಗಲಿ ಎಂದು ಸಾಸಿವೆ ದಿಂಬು ಇಡುವುದು ನಮ್ಮ ಮನೆಗಳಲ್ಲಿ ಇದ್ದದ್ದೇ, ಆದರೆ ಯಾರೂ ಕಣ್ಣಿಡದ ಕೋಣೆಯಲ್ಲಿ ಅದು ಬೇಡ. ಸೀರೆಯ ಜೋಲಿಯಲ್ಲಿ ಕೂಸಿನ ಗದ್ದ ಎದೆಗೆ ಒತ್ತಿಕೊಳ್ಳುವುದರಿಂದ ಅದನ್ನೂ ಗಂಟೆಗಟ್ಟಲೆ ಬಳಸಬಾರದು.

ಆರು ತಿಂಗಳು ತುಂಬುವವರೆಗೆ ಎದೆಹಾಲು ಮಾತ್ರ ಸಾಕು, ಆದ್ದರಿಂದ ನೀವು ಹಾಲು ಹಿಂಡಿ ಕೊಟ್ಟುಹೋಗಬೇಕಾಗುತ್ತದೆ. ಹಿಂಡಿದ ಹಾಲು 25 ಡಿಗ್ರಿಯ ಒಳಗಿನ ಉಷ್ಣದಲ್ಲಿ ಹೊರಗೆ ಸುಮಾರು ನಾಲ್ಕು ಗಂಟೆ ಉಳಿಯುತ್ತದೆ, ಫ್ರಿಜ್ಜಿನಲ್ಲಿ ನಾಲ್ಕು ದಿನ. ಕಾರವಾರದ ಸೆಕೆಯಲ್ಲಿ ಹೊರಗಿಡುವ ಮಾತನ್ನೇ ಮರೆಯುವುದು ಲೇಸು. ಮಗು ಕುಡಿದು ಬಿಟ್ಟ ಹಾಲನ್ನು ಎರಡು ಗಂಟೆಯೊಳಗೆ ಚೆಲ್ಲಬೇಕು; ಮತ್ತೆ ಕಾಯಿಸಿ ಕೊಡುವ ಅಭ್ಯಾಸ ಅಲ್ಲಿದೆಯೇ ಎಂದು ವಿಚಾರಿಸಿ. ಆಷಾಢದ ಗಾಳಿಮಳೆಗೆ ಅರ್ಧ ದಿನ ಕರೆಂಟು ಹೋದರೆ ಫ್ರಿಜ್ಜಿನ ಗತಿ ಏನೆಂದೂ ಕೇಳಿ. ಈ ಪ್ರಶ್ನೆಗೆ ತಕ್ಷಣ ಉತ್ತರ ಕೊಡುವವರು ಅದನ್ನು ಅನುಭವಿಸಿದವರೇ ಆಗಿರುತ್ತಾರೆ.

ಹೆಂಚಿನ ಮನೆಗೆ ಹೋದಾಗ ಹಿತ್ತಿಲನ್ನು ನೋಡದೆ ಬರಬೇಡಿ. ನಮ್ಮ ಕರಾವಳಿಯ ಹಳೆಯ ಮನೆಗಳಲ್ಲಿ ಬಾವಿ ಇದ್ದೇ ಇರುತ್ತದೆ. ಕಟ್ಟೆ ಎಷ್ಟು ಎತ್ತರವಿದೆ, ಮೇಲೆ ಕಬ್ಬಿಣದ ಜಾಳಿಗೆ ಇದೆಯೇ, ಹಿಂಬಾಗಿಲಿಗೆ ಮಗುವಿನ ಕೈಗೆಟುಕದ ಚಿಲಕವಿದೆಯೇ ಎಂದು ಪರೀಕ್ಷಿಸಿ. ನಿಮ್ಮ ಮಗಳು ಇನ್ನೂ ಅಂಬೆಗಾಲಿಡುತ್ತಿಲ್ಲ, ನಿಜ, ಆದರೆ ಇನ್ನು ನಾಲ್ಕೈದು ತಿಂಗಳಿಗೆ ಆ ಬಾಗಿಲಿಗೆ ಅವಳೇ ಮೊದಲು ಹೋಗುತ್ತಾಳೆ. ಬಚ್ಚಲಿನಲ್ಲಿ ತುಂಬಿಟ್ಟ ಬಕೆಟ್ಟೂ ಬಾವಿಯಷ್ಟೇ ಅಪಾಯ. ಆಗಷ್ಟೇ ಎದ್ದು ನಿಲ್ಲುವ ಮಗು ತಲೆಕೆಳಗಾಗಿ ಬಿದ್ದರೆ ಕೆಲವೇ ಅಂಗುಲ ನೀರು ಸಾಕಾಗುತ್ತದೆ.

ಇಷ್ಟೆಲ್ಲ ಸರಿಯಿದ್ದರೆ ನನ್ನ ಒಲವು ಆ ಹೆಂಚಿನ ಮನೆಯ ಕಡೆಗೇ. ಆರು ಮಕ್ಕಳಿಗೆ ಇಬ್ಬರು ಎಂಬುದು ಒಳ್ಳೆಯ ಲೆಕ್ಕ. ದಿನವೂ ಅದೇ ಮುಖ ಎಂಬುದು ಅದಕ್ಕಿಂತ ದೊಡ್ಡ ಅನುಕೂಲ. ಅದರ ದೌರ್ಬಲ್ಯವೂ ಅಲ್ಲೇ ಇದೆ. ಆಕೆಗೆ ಜ್ವರ ಬಂದರೆ ಕೇಂದ್ರವೇ ಮುಚ್ಚುತ್ತದೆ. ಅಂಥ ದಿನಕ್ಕೆ ಬದಲಿ ಯಾರು ಎಂಬುದನ್ನು ಸೇರಿಸುವ ಮೊದಲೇ ಇತ್ಯರ್ಥ ಮಾಡಿಕೊಳ್ಳಿ.

ಕೊನೆಗೆ ನಿಮ್ಮ ಕಚೇರಿಯ ವಿಷಯ. ಹೆರಿಗೆ ಸೌಲಭ್ಯದ ಕಾನೂನಿನ ಪ್ರಕಾರ 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆ ಶಿಶುಪಾಲನಾ ಸೌಲಭ್ಯ ಒದಗಿಸಬೇಕು, ತಾಯಿಗೆ ದಿನಕ್ಕೆ ನಾಲ್ಕು ಬಾರಿ ಮಗುವನ್ನು ನೋಡಿ ಬರಲು ಬಿಡಬೇಕು. ಮಗುವಿಗೆ 15 ತಿಂಗಳಾಗುವವರೆಗೆ ಹಾಲೂಡಿಸಲು ದಿನಕ್ಕೆ ಎರಡು ವಿರಾಮಗಳಿಗೂ ಅದರಲ್ಲಿ ಅವಕಾಶವಿದೆ. ಆ ಕಾನೂನು ನಿಮ್ಮ ಸಂಸ್ಥೆಗೆ ಅನ್ವಯಿಸುವುದಾದರೆ ಸಂಕೋಚಪಡದೆ ಬರವಣಿಗೆಯಲ್ಲೇ ಕೇಳಿ.

ಪ್ರಶ್ನೆ: ಮಗನಿಗೆ 14 ತಿಂಗಳು. ಶಿರಸಿಯ ಒಂದು ಕೇಂದ್ರಕ್ಕೆ ಸೇರಿಸಿ ಮೂರು ವಾರವಾಯಿತು. ಬಿಡುವಾಗ ಕೊರಳಿಗೆ ಜೋತುಬಿದ್ದು ಅಳುತ್ತಾನೆ. ಈಗಾಗಲೇ ಎರಡು ಸಲ ನೆಗಡಿ, ಜ್ವರ. ಕೂಸು ಸೊರಗಿಹೋಯಿತು, ಬಿಡಿಸಿ ಎಂದು ನನ್ನ ತಾಯಿ ಹೇಳುತ್ತಾರೆ. (ಒಬ್ಬ ತಂದೆ, ಶಿರಸಿ)

ಉತ್ತರ: ಬಿಟ್ಟುಹೋಗುವಾಗ ಅಳದಿದ್ದರೆ ನಾನು ಹೆಚ್ಚು ಯೋಚಿಸುತ್ತಿದ್ದೆ. ಸುಮಾರು ಎಂಟು ತಿಂಗಳಿನಿಂದ ಮಕ್ಕಳಲ್ಲಿ ಅಗಲಿಕೆಯ ಭಯ ಮೂಡುತ್ತದೆ, 10ರಿಂದ 18 ತಿಂಗಳ ನಡುವೆ ಅದು ಜೋರಾಗಿರುತ್ತದೆ. ಅಪ್ಪ ಕಣ್ಣಿಗೆ ಕಾಣದಿದ್ದರೂ ಎಲ್ಲೋ ಇದ್ದಾನೆ ಎಂದು ಅವನಿಗೆ ಗೊತ್ತಾಗಿದೆ. ಸಂಜೆ ಬರುತ್ತಾನೆ ಎಂಬುದು ಇನ್ನೂ ಗೊತ್ತಾಗಿಲ್ಲ. ಆದ್ದರಿಂದ ಆಟಿಕೆ ತೋರಿಸಿ, ಕಣ್ಣುತಪ್ಪಿಸಿ ಓಡಿಬರಬೇಡಿ. ಹಾಗೆ ಮಾಡಿದರೆ ಮರುದಿನ ಬಾಗಿಲಿಗೆ ಬರುವ ಮೊದಲೇ ಅಳು ಶುರುವಾಗುತ್ತದೆ. ಹೇಳಿಯೇ ಹೊರಡಿ, ಹೇಳಿದ ಮೇಲೆ ನಿಲ್ಲಬೇಡಿ. ದಿನವೂ ಒಬ್ಬರೇ ಆಯಾ ಅವನನ್ನು ನಿಮ್ಮ ಕೈಯಿಂದ ಎತ್ತಿಕೊಳ್ಳಲಿ. ಅವನ ತಾಯಿಯ ಹಳೆಯ ಸೀರೆಯ ಒಂದು ತುಂಡನ್ನು ಚೀಲದಲ್ಲಿ ಹಾಕಿಕೊಡಿ, ಆ ವಾಸನೆ ಬಹಳ ಕೆಲಸ ಮಾಡುತ್ತದೆ.

ಒಂದು ದಿನ ಹೊರಟಂತೆ ಮಾಡಿ, ಹತ್ತು ನಿಮಿಷ ಕಿಟಕಿಯ ಆಚೆ ನಿಂತು ಕೇಳಿಸಿಕೊಳ್ಳಿ. ಅಳು ನಿಂತು ಅವನು ಆಯಾಳ ಸೊಂಟದ ಮೇಲೆ ಕುಳಿತು ಅತ್ತಿತ್ತ ನೋಡುತ್ತಿದ್ದರೆ ಸಮಾಧಾನದಿಂದ ಕೆಲಸಕ್ಕೆ ಹೋಗಿ. ವಾರಗಟ್ಟಲೆ ಅಲ್ಲಿ ಏನೂ ತಿನ್ನದಿದ್ದರೆ, ನಿರ್ದಿಷ್ಟ ವ್ಯಕ್ತಿಯನ್ನು ಕಂಡೊಡನೆ ಮುದುಡಿಕೊಂಡರೆ, ಕಾರಣ ಹೇಳಲಾಗದ ಕಂದುಗಾಯಗಳು ಕಂಡರೆ, ಆಗ ನಿಮ್ಮ ತಾಯಿಯ ಮಾತನ್ನು ಒಂದು ದಿನವೂ ತಡಮಾಡದೆ ಪಾಲಿಸಿ.

ನೆಗಡಿಯ ಮಟ್ಟಿಗೆ, ಹತ್ತು ಮಕ್ಕಳ ನಡುವೆ ಬೆರೆಯುವ ಮಗುವಿಗೆ ಮೊದಲ ವರ್ಷ ಅದು ಮೇಲಿಂದ ಮೇಲೆ ಬರುತ್ತದೆ. ಶಿರಸಿಯ ಮಳೆಗಾಲದಲ್ಲಿ ಕಿಟಕಿ ಮುಚ್ಚಿದ ಕೋಣೆ, ಒಣಗದ ಬಟ್ಟೆ ಎರಡೂ ಸೇರಿದರೆ ಇನ್ನಷ್ಟು. ನೋಡಬೇಕಾದದ್ದು ಬಟ್ಟೆ ಬದಲಿಸಿದ ಮೇಲೆ ಮತ್ತು ಉಣಿಸುವ ಮುನ್ನ ಆಯಾ ಸೋಪಿನಿಂದ ಕೈ ತೊಳೆಯುತ್ತಾಳೆಯೇ, ಜ್ವರ ಅಥವಾ ಭೇದಿ ಇರುವ ಮಗುವನ್ನು ಮನೆಗೆ ಕಳಿಸುತ್ತಾರೆಯೇ ಎಂಬುದನ್ನು. ಸೇರಿಸುವಾಗ ಅವರು ತಾಯಿ ಕಾರ್ಡ್ ಕೇಳಿ, ಒಂಬತ್ತು ತಿಂಗಳಿನ ದಡಾರ-ರುಬೆಲ್ಲಾ ಲಸಿಕೆ ಆಗಿದೆಯೇ ಎಂದು ನೋಡಿದ್ದರೆ ಅದು ಒಳ್ಳೆಯ ಲಕ್ಷಣ. ಕೇಳಿರದಿದ್ದರೆ ನೀವೇ ತೋರಿಸಿ, ಉಳಿದ ಮಕ್ಕಳದ್ದನ್ನೂ ನೋಡುವಂತೆ ಹೇಳಿ. ಎರಡನೆಯ ಡೋಸ್ 16 ತಿಂಗಳ ನಂತರ, ಮರೆಯಬೇಡಿ.

ಪ್ರಶ್ನೆ: ಹೊನ್ನಾವರ ತಾಲೂಕಿನ ಹಳ್ಳಿ ನಮ್ಮದು. ಹೆಂಡತಿ ಉದ್ಯೋಗ ಖಾತರಿ ಕೆಲಸಕ್ಕೆ ಹೋಗುತ್ತಾಳೆ. ಎರಡು ವರ್ಷದ ಮಗುವನ್ನು ಅಂಗನವಾಡಿಯಲ್ಲಿ ದಿನವಿಡೀ ಬಿಡಬಹುದೇ?

ಉತ್ತರ: ಅಂಗನವಾಡಿಯ ಶಾಲಾಪೂರ್ವ ತರಗತಿ ಮೂರರಿಂದ ಆರು ವರ್ಷದವರಿಗೆ; ಅದಕ್ಕಿಂತ ಚಿಕ್ಕವರಿಗೆ ಸಾಮಾನ್ಯವಾಗಿ ಪೌಷ್ಟಿಕ ಆಹಾರವನ್ನು ಮನೆಗೇ ಕೊಡುತ್ತಾರೆ. ಹೀಗೆ ಕೆಲಸಕ್ಕೆ ಹೋಗುವವರ ಮಕ್ಕಳಿಗೆಂದೇ ರಾಜ್ಯ ಸರ್ಕಾರ 2023-24ರಲ್ಲಿ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರಗಳ ಯೋಜನೆ ತಂದಿದೆ. ನಿಮ್ಮ ಪಂಚಾಯಿತಿಯಲ್ಲಿ ಅದು ನಡೆಯುತ್ತಿದೆಯೇ ಎಂದು ವಿಚಾರಿಸಿ. ಆರೈಕೆ ಮಾಡುವವರು ಊರಿನ ಮಹಿಳೆಯರೇ ಆದ್ದರಿಂದ ಮುಖಪರಿಚಯ ಇರುತ್ತದೆ, ಆದರೆ ಅವರು ಎಷ್ಟು ದಿನಕ್ಕೊಮ್ಮೆ ಬದಲಾಗುತ್ತಾರೆ ಎಂದು ಕೇಳಿ. ಎರಡು ವರ್ಷದ ಮಗುವಿಗೆ ಮುಖ ಬದಲಾದರೆ ಜಾಗವೇ ಬದಲಾದಂತೆ. ಮಳೆ ಜೋರಾದಾಗ ಜಿಲ್ಲಾಡಳಿತ ಶಾಲೆ, ಅಂಗನವಾಡಿಗಳಿಗೆ ರಜೆ ಘೋಷಿಸುವುದುಂಟು. ಆ ದಿನಗಳಲ್ಲಿ ಕೂಸಿನ ಮನೆ ತೆರೆದಿರುತ್ತದೆಯೇ ಎಂಬುದನ್ನೂ, ಇಲ್ಲವಾದರೆ ಅಂದು ಕೆಲಸ ಬಿಟ್ಟು ಮನೆಯಲ್ಲಿ ಉಳಿಯುವವರು ನೀವೋ ಅವರೋ ಎಂಬುದನ್ನೂ ಮೇ ತಿಂಗಳಲ್ಲೇ ಗಂಡ ಹೆಂಡತಿ ಕುಳಿತು ಮಾತಾಡಿಕೊಳ್ಳಿ.