ಹಳೆಯ ಹಂಚಿನ ಕಾರ್ಖಾನೆಯ ಜಾಗದಲ್ಲಿ ವಸತಿ ಸಮುಚ್ಚಯ ಕಟ್ಟಬಹುದೇ?

ಕಾರ್ಖಾನೆ ಮುಚ್ಚಿದ ಮಾತ್ರಕ್ಕೆ ಆ ಜಾಗ ವಸತಿ ವಲಯವಾಗುವುದಿಲ್ಲ. ನಗರದ ಮಹಾಯೋಜನೆಯಲ್ಲಿ (ಮಾಸ್ಟರ್ ಪ್ಲಾನ್) ಅದು ಕೈಗಾರಿಕಾ ವಲಯವೆಂದೇ ಉಳಿದಿದ್ದರೆ, 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14ಎ ಕಲಮಿನಡಿ ಮಂಗಳೂರು ನಗರಾಭಿವೃದ್ಧಿ ಪ್ರಾಧಿಕಾರದ ಮೂಲಕ ಭೂಬಳಕೆ ಬದಲಾವಣೆ ಪಡೆಯಬೇಕು. ಬದಲಾವಣೆ ಸಾರ್ವಜನಿಕ ಹಿತಕ್ಕೆ ಅನುಗುಣವಾಗಿರಬೇಕು. ಪ್ರಸ್ತಾವವನ್ನು ದಿನಪತ್ರಿಕೆಯಲ್ಲಿ ಪ್ರಕಟಿಸಿ, ಆಕ್ಷೇಪಣೆ ಸಲ್ಲಿಸಲು ಕನಿಷ್ಠ 15 ದಿನಗಳ ಅವಕಾಶ ನೀಡಬೇಕು. ಈ ಅವಧಿಯನ್ನು ನೆರೆಹೊರೆಯವರು ದಯವಿಟ್ಟು ಕೈಬಿಡಬಾರದು: ಓಣಿಯ ಅಗಲ, ಒಳಚರಂಡಿ, ಆಷಾಢದ ಮಳೆಗೆ ಉಕ್ಕುವ ತೋಡು (ಹಳ್ಳ), ಇವೆಲ್ಲವನ್ನೂ ಬರೆದು ಕೊಡಬೇಕಾದದ್ದು ಆಗಲೇ. ಜಾಗ ನೇತ್ರಾವತಿಯ ದಂಡೆಗೆ ತಾಗಿದ್ದರೆ ಕರಾವಳಿ ನಿಯಂತ್ರಣ ವಲಯದ ನಿರ್ಬಂಧಗಳನ್ನೂ ನೋಡಬೇಕು. 1860ರ ದಶಕದಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆ ಮಂಗಳೂರಿನಲ್ಲಿ ಆರಂಭಿಸಿದ ಹಂಚಿನ ಉದ್ಯಮದ ಕುರುಹಾಗಿ ಇಟ್ಟಿಗೆಯ ಚಿಮಣಿ ಇನ್ನೂ ನಿಂತಿದ್ದರೆ, ಅದನ್ನು ಕೆಡವಬಾರದೆಂಬ ಷರತ್ತನ್ನೂ ಅದೇ ಆಕ್ಷೇಪಣೆಯಲ್ಲಿ ಕೇಳುವುದು ಸೂಕ್ತವೆಂದು ನನ್ನ ಅಭಿಪ್ರಾಯ.