ಬೈಯೋಕೆ ಎಲ್ಲರೂ, ಬರೋಕೆ ಯಾರೂ ಇಲ್ಲ

ನಿಮ್ಮ ಪತ್ರ ಓದಿದೆ. ಮನೆ ಎದುರಿನ ಖಾಲಿ ಸೈಟಿನಲ್ಲಿ ಕಸದ ರಾಶಿ, ಕತ್ತಲಾದರೆ ಕುಡಿಯುತ್ತಾ ಕೂರುವ ಹುಡುಗರು, ಬೀದಿದೀಪ ಕೆಟ್ಟು ಎಷ್ಟೋ ದಿನ. ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಬೈಯುತ್ತಾರೆ, ಬನ್ನಿ ಅಂದರೆ ಒಬ್ಬರೂ ಬರುವುದಿಲ್ಲ. ‘ಜನಕ್ಕೆ ಮನಸ್ಸಾಕ್ಷಿಯೇ ಸತ್ತಿದೆಯಾ ಸಾರ್?’ ಅಂತ ಕೇಳಿದ್ದೀರಿ.

ಸತ್ತಿಲ್ಲ ಅಂತಲೇ ನಾನು ಹೇಳೋದು. 1968ರಲ್ಲಿ ಲಟಾನೆ ಮತ್ತು ಡಾರ್ಲಿ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಪ್ರಕಟಿಸಿದರು. ಫಾರಂ ತುಂಬುತ್ತಾ ಕೂತವರ ಕೋಣೆಗೆ ಹೊಗೆ ಬಿಟ್ಟರು. ಒಬ್ಬರೇ ಇದ್ದಾಗ ನೂರಕ್ಕೆ 75 ಮಂದಿ ಎದ್ದು ಹೋಗಿ ಹೇಳಿದರು. ಆದರೆ ಏನೂ ಆಗದವರಂತೆ ಕೂತಿರಲು ಮೊದಲೇ ಹೇಳಿಕೊಟ್ಟಿದ್ದ ಇಬ್ಬರು ಪಕ್ಕದಲ್ಲಿದ್ದಾಗ ಎದ್ದಿದ್ದು ಹತ್ತರಲ್ಲಿ ಒಬ್ಬರೇ. ಉಳಿದವರು ಕೆಮ್ಮುತ್ತಾ, ಕಣ್ಣು ಉಜ್ಜುತ್ತಾ ಫಾರಂ ತುಂಬುತ್ತಲೇ ಇದ್ದರು!

ನಿಮ್ಮ ವಾಟ್ಸಾಪ್ ಗುಂಪಿನಲ್ಲಿ ಆಗುತ್ತಿರುವುದೂ ಇದೇ ಅಲ್ವಾ? ‘ಯಾರಾದರೂ ದೂರು ಕೊಡಿ’ ಅಂದರೆ ಯಾರೂ ಕೊಡುವುದಿಲ್ಲ. ಒಬ್ಬರ ಬಾಗಿಲು ತಟ್ಟಿ, ಕಂಬದ ನಂಬರ್ ಬರೆದ ಚೀಟಿ ಕೈಗಿಟ್ಟು, ‘ಇದೊಂದು ನೀವು ನೋಡ್ಕೊಳ್ತೀರಾ’ ಅಂತ ಕೇಳಿ. ಮುಖ ನೋಡಿ ಕೇಳಿದಾಗ ಇಲ್ಲ ಅನ್ನುವುದು ಕಷ್ಟ.

ಶಿಕಾಗೋದ 343 ಬಡಾವಣೆಗಳಲ್ಲಿ ನಡೆದ ಸಮೀಕ್ಷೆಯೊಂದು 1997ರಲ್ಲಿ ಹೊರಬಂತು. ಶಾಲೆ ತಪ್ಪಿಸಿದ ಮಕ್ಕಳು ಬೀದಿ ಮೂಲೆಯಲ್ಲಿ ನಿಂತಿದ್ದರೆ ನಿಮ್ಮ ಅಕ್ಕಪಕ್ಕದವರು ಸುಮ್ಮನಿರುತ್ತಾರಾ, ಕೇಳ್ತಾರಾ? ಇಂಥ ಪ್ರಶ್ನೆಗಳು. ‘ಕೇಳ್ತಾರೆ’ ಅನ್ನುವ ನಂಬಿಕೆ, ಒಬ್ಬರ ಮೇಲೊಬ್ಬರಿಗೆ ವಿಶ್ವಾಸ ಜಾಸ್ತಿ ಇದ್ದ ಕಡೆ, ಬಡತನದ ಪ್ರಭಾವ ಬದಿಗಿಟ್ಟು ನೋಡಿದರೂ ಹಿಂಸೆ ಕಡಿಮೆ ಇತ್ತು. ಜನ ಪದೇ ಪದೇ ಮನೆ ಬದಲಿಸುವ ಕಡೆ ಈ ನಂಬಿಕೆಯೇ ಕಡಿಮೆ. ಹಾಗಾಗಿ ನಿಮ್ಮ ಪತ್ರದಲ್ಲಿ ‘ಬಾಡಿಗೆಯವರನ್ನು ಗುಂಪಿಗೆ ಸೇರಿಸಿಲ್ಲ’ ಅನ್ನುವ ಸಾಲು ಓದಿ ನನಗೆ ಸಿಟ್ಟೇ ಬಂತು. ಇವತ್ತೇ ಸೇರಿಸಿ.

ಇನ್ನು ಸೈಟು. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಸಂಶೋಧಕರು 541 ಪಾಳು ಜಾಗಗಳನ್ನು ಆರಿಸಿಕೊಂಡು, ಅದರಲ್ಲಿ ಕೆಲವನ್ನು ಹಾಗೇ ಬಿಟ್ಟರು. ಉಳಿದವುಗಳಲ್ಲಿ ಕೆಲವಕ್ಕೆ ಬರೀ ಕಸ ತೆಗೆದರು, ಕೆಲವಕ್ಕೆ ಹುಲ್ಲು, ನಾಲ್ಕು ಗಿಡ, ಗಿಡ್ಡ ಮರದ ಬೇಲಿಯನ್ನೂ ಹಾಕಿದರು. ಬೇಲಿಯಲ್ಲಿ ದಾರಿ ಬಿಟ್ಟಿದ್ದರು, ಯಾರು ಬೇಕಾದರೂ ಒಳಗೆ ಬರಬಹುದಿತ್ತು. ಹೀಗೆ ಸರಿಪಡಿಸಿದ ಜಾಗಗಳ ಸುತ್ತ, ಕಡುಬಡವರಿರುವ ಕಡೆ, ಗುಂಡಿನ ದಾಳಿಗಳು ನೂರಕ್ಕೆ 29ರಷ್ಟು ಇಳಿದವು ಎಂದು 2018ರ ವರದಿ. ನನಗೆ ಇಷ್ಟವಾದದ್ದು ಆ ಬಿಟ್ಟ ದಾರಿ. ಎತ್ತರದ ಗೋಡೆ ಎಬ್ಬಿಸಿದ್ದರೆ ಒಳಗೆ ಏನು ನಡೆಯುತ್ತಿದೆ ಅಂತ ಯಾರಿಗೂ ಕಾಣುತ್ತಿರಲಿಲ್ಲ.

ಆ ಹುಡುಗರನ್ನು ‘ಓಡಿಸಬೇಕು’ ಅಂದಿದ್ದೀರಿ. ಓಡಿಸಿದರೆ ಮುಂದಿನ ಬೀದಿಗೆ ಹೋಗ್ತಾರೆ, ಅಷ್ಟೇ. ಅವರಲ್ಲಿ ಒಬ್ಬಿಬ್ಬರು ನಿಮ್ಮ ಬೀದಿಯವರೇ ಇರಬಹುದು. ದೊಣ್ಣೆ ಹಿಡಿದ ಕಾವಲು ಪಡೆ ಮಾತ್ರ ಬೇಡ. ಅದು ಇವತ್ತು ಹುಡುಗರನ್ನು ಹಿಡಿಯುತ್ತದೆ, ನಾಳೆ ಗುರುತಿಲ್ಲದ ದಾರಿಹೋಕನನ್ನು. ಹಗಲಲ್ಲಿ, ಅವರು ಕುಡಿಯದೇ ಇರುವಾಗ, ಪರಿಚಯ ಇರುವವರೊಬ್ಬರು ಮಾತಾಡಲಿ.

ಸೈಟಿನ ಮಾಲೀಕರು ಯಾರು ಅಂತ ಬರೆದಿಲ್ಲ. ಅವರ ಒಪ್ಪಿಗೆ ಇಲ್ಲದೆ ಗಿಡ ನೆಡೋಕೆ ಹೋಗಬೇಡಿ. ಮೊದಲು ಅವರನ್ನು ಹುಡುಕಿ, ಆಮೇಲೆ ಇನ್ನೊಂದು ಪತ್ರ ಹಾಕಿ.

– ಸಂ.